ಸಾಕಿದ ಋಣ

ಕಲಬುರಗಿಯ ನಮ್ಮ ಮಿತ್ರರೊಬ್ಬರು ಸಂಸಾರಸಮೇತ ಲಂಡನ್ನಿಗೆ ಹೊರಟರು. ಪಾತ್ರೆಪಡಗ ಬಂಧುಗಳ ಪಾಲಾದವು; ಉಳಿದದ್ದು 7 ವರ್ಷದ ನಾಯಿ. ಒಯ್ಯಬಾರದೆಂದೇನೂ ಇರಲಿಲ್ಲ. ಮೈಕ್ರೋಚಿಪ್, ರೇಬೀಸ್ ಲಸಿಕೆ, 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದಂದಿನಿಂದ ಮತ್ತೆ 3 ತಿಂಗಳು ಕಾಯುವುದು: ಭಾರತದಿಂದ ಬರುವ ನಾಯಿಗೆ ಬ್ರಿಟನ್ನಿನ ನಿಯಮ ಇದು. ನೌಕರಿ ಅಷ್ಟು ಕಾಯುವುದಿಲ್ಲ. (ಕಾಯುವಿರಾ ಎಂದು ಯಾರೂ ಕೇಳಲಿಲ್ಲವೆನ್ನಿ.) ಕಡೆಗೆ ಕಮಲಾಪುರದ ಬಳಿ ಕೆಂಪು ಬಾಳೆಯ ತೋಟದವರೊಬ್ಬರು ಒಪ್ಪಿದರು.

"ಅಲ್ಲಿ ಬಯಲಿದೆ, ಸುಖವಾಗಿರುತ್ತದೆ" ಎಂದು ಮಿತ್ರರು ದಾರಿಯುದ್ದಕ್ಕೂ ಹೇಳಿಕೊಂಡರು. ಮಾತು ಸುಳ್ಳಲ್ಲ, ಆದರೆ ಯಾರ ಸಮಾಧಾನಕ್ಕೆ? ನಾಯಿ ಬಯಲನ್ನು ಬೇಡಿರಲಿಲ್ಲ. ಮಹಾಪ್ರಸ್ಥಾನದಲ್ಲಿ ಧರ್ಮರಾಯ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವೇರಲು ಒಪ್ಪಲಿಲ್ಲ. ನಾವು ಧರ್ಮರಾಯರಲ್ಲ, ಏರುತ್ತೇವೆ; ಮಕ್ಕಳ ಅನ್ನದ ಪ್ರಶ್ನೆಯಿರುವಾಗ ಅದನ್ನು ಪಾಪವೆನ್ನಲು ನನಗೆ ಬಾಯಿ ಬಾರದು. ಏರುವುದು ನಾಯಿಯ ಹಿತಕ್ಕಾಗಿ ಎನ್ನುವುದು ಮಾತ್ರ ಸಲ್ಲದು. ಬಿಟ್ಟುಹೋಗುತ್ತಿದ್ದೇನೆಂದು ಒಪ್ಪಿಕೊಂಡವನು, ಅದು ರಾತ್ರಿ ಎಲ್ಲಿ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಹೊಸಬನಿಗೆ ತಿಳಿಸಿಯಾನು. ಮೊದಲೇ ನಾಲ್ಕು ಸಲ ಕರೆತಂದು ಪರಿಚಯ ಮಾಡಿಸಿಯಾನು. ಸುಖವಾಗಿರುತ್ತದೆ ಎಂದುಕೊಂಡವನು ಹಗ್ಗ ಕೈಗಿತ್ತು ಗಡಿಯಾರ ನೋಡುತ್ತಾನೆ.

ತೋಟದ ಮುದುಕ ಹಗ್ಗ ಹಿಡಿದು ಕೇಳಿದ: "ತಿರುಗಿ ಬರ್ತೀರೇನ್ರಿ ಸಾಹೇಬ್ರ? ಬರೂದಿದ್ರ ಇದರ ಹೆಸರು ಹಂಗೇ ಇರ್ಲಿ. ಇಲ್ಲಾಂದ್ರ ನಮ್ಮ ಮಂದೀ ನಾಲಿಗಿಗೆ ಹೊಳ್ಳೂ ಹೆಸರೊಂದು ಇಡಬೇಕ್ರಿ."

ಮಿತ್ರರು ಸುಮ್ಮನಿದ್ದರು. ಹಿಂದಿನಿಂದ ಅವರ ಮಗಳು, "ಬರೂದಿಲ್ಲ ಅಜ್ಜಾ" ಎಂದಳು. ಆಮೇಲೆ, ಅದು ಗುಡುಗಿಗೆ ಹೆದರುತ್ತದೆಂದೂ ಹೇಳಿದಳು.