ದೂರು ಹೇಳದ ಕಾಲು

ಶುಗರ್ ಎಷ್ಟಿದೆ ಎಂದು ಕೇಳಿದರೆ ಊಟಕ್ಕೆ ಮುಂಚಿನದ್ದು, ಊಟವಾದ ಮೇಲಿನದ್ದು ಎರಡನ್ನೂ ಥಟ್ಟನೆ ಹೇಳುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಪಾದ ಹೇಗಿದೆ ಎಂದರೆ ಮಾತ್ರ ‘ಏನೂ ನೋವಿಲ್ಲ’ ಅನ್ನುತ್ತಾರೆ. ನನಗೆ ಅಂಜಿಕೆ ಹುಟ್ಟಿಸುವುದು ಆ ಉತ್ತರವೇ.

ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಮಂಕಾಗುತ್ತವೆ. ಚಪ್ಪಲಿಯೊಳಗೆ ಕಲ್ಲು ಸೇರಿದರೂ ತಿಳಿಯುವುದಿಲ್ಲ. ಇದರ ಜೊತೆಯಲ್ಲೇ ಇನ್ನೊಂದು ಕೇಡು ಬೆಳೆಯುತ್ತದೆ, ಅದರ ಮಾತು ಎತ್ತುವವರು ಕಡಿಮೆ. ಹೆಚ್ಚಾದ ಸಕ್ಕರೆ ಕೀಲು, ಸ್ನಾಯುರಜ್ಜುಗಳ ಕೊಲಾಜೆನ್‌ಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಬಿಗಿದುಕೊಂಡರೆ ಪಾದ ಮೇಲಕ್ಕೆ ಸಾಕಷ್ಟು ಬಾಗದು. ಆಗ ಪ್ರತಿ ಹೆಜ್ಜೆಯ ಭಾರವೂ ಬೆರಳುಗಳ ಬುಡದ ಮೇಲೆ ಬೀಳುತ್ತದೆ. ಅಲ್ಲಿ ಮೊದಲು ಚರ್ಮ ಜಡ್ಡುಗಟ್ಟುತ್ತದೆ, ಆಮೇಲೆ ಅದರಡಿಯಲ್ಲೇ ಹುಣ್ಣಾಗುತ್ತದೆ.

ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡಿದ ಡಾ. ಪಾಲ್ ಬ್ರಾಂಡ್, ನೋವು ಗೊತ್ತಾಗದೆ ಗಾಯದ ಮೇಲೇ ನಡೆಯುವುದರಿಂದ ಪಾದ ಹಾಳಾಗುತ್ತದೆ ಎಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆ ಮಧುಮೇಹಿಗಳ ಪಾದ ಉಳಿಸಲೂ ಒದಗಿತು.

ಪಾದ ಏನು ಮಾಡಬಲ್ಲದು ಎಂದು ಅಳೆಯಲು 2005ರಲ್ಲಿ ಅಮೆರಿಕದ ತಜ್ಞರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ದಿನನಿತ್ಯದ ಓಡಾಟದ ಪ್ರಶ್ನೆಗಳು 21. ಮೆಟ್ಟಿಲು ಹತ್ತುವುದು, ಇಳಿಯುವುದು, ಏರುತಗ್ಗಿನ ನೆಲದಲ್ಲಿ ನಡೆಯುವುದು, ತುದಿಗಾಲಲ್ಲಿ ನಿಲ್ಲುವುದು ಎಷ್ಟು ಕಷ್ಟ ಎಂಬುದಕ್ಕೆ ಸೊನ್ನೆಯಿಂದ 4ರವರೆಗೆ ಅಂಕ. ಒಳ್ಳೆಯ ಕೆಲಸವೇ. ನಮ್ಮವರನ್ನು ಕೇಳುವಾಗ ಇನ್ನೂ ಕೆಲವು ಸೇರಬೇಕು: ಗದ್ದೆಯ ಬದುವಿನ ಮೇಲೆ ನಡೆಯಬಲ್ಲಿರಾ? ನೆಲದ ಮೇಲೆ ಕೂತು ಉಂಡು, ಕೈಯೂರದೆ ಏಳಬಲ್ಲಿರಾ? ಬಿಸಿಲಿಗೆ ಕಾದ ಗುಡಿಯ ಅಂಗಳದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತೀರಾ? ಕೊನೆಯದಕ್ಕೆ ‘ಸಲೀಸಾಗಿ’ ಎಂದವರ ಅಂಗಾಲನ್ನೇ ಮೊದಲು ನೋಡಬೇಕು. ಸುಡುವುದು ಗೊತ್ತಾಗದವರಿಗೂ ಪ್ರದಕ್ಷಿಣೆ ಸಲೀಸು.

ಹಾಗಾಗಿ ಕೇಳಿದರೆ ಸಾಲದು, ಮುಟ್ಟಿಯೂ ನೋಡಬೇಕು. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸುತ್ತಾರೆ, 128 ಹರ್ಟ್ಸ್‌ನ ಶ್ರುತಿಕವೆಯಿಂದ ಕಂಪನದ ಅರಿವು ಪರೀಕ್ಷಿಸುತ್ತಾರೆ. ಎರಡಕ್ಕೂ ಕೆಲವೇ ನಿಮಿಷ ಸಾಕು. ಆದರೂ ಎಷ್ಟೋ ಕಡೆ ರೋಗಿ ಸಾಕ್ಸ್ ಬಿಚ್ಚದೆಯೇ ಚೀಟಿ ಹಿಡಿದು ಹೊರಬರುತ್ತಾರೆ. ಇದು ನನ್ನನ್ನು ನೋಯಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಅಪ್ಪನೋ ಅಮ್ಮನೋ ಕಣ್ಣು ಮುಚ್ಚಿ ಮಲಗಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರು ಬೆರಳಲ್ಲಿ ಎರಡು ಅಥವಾ ಹೆಚ್ಚು ಕಡೆ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ವೈದ್ಯರಿಗೆ ಪಾದ ತೋರಿಸಿ.