ಉಪ್ಪಿನಷ್ಟು ಕೃಪೆ

ತಂದೆ, ಅಂಗೈಯಲ್ಲಿ ಲಿಥಿಯಂ ಮಾತ್ರೆ ಇದೆ. ನುಂಗುವ ಮುಂಚೆ ನಿನ್ನೊಡನೆ ಎರಡು ಮಾತು.

ಇದೊಂದು ಬಗೆಯ ಉಪ್ಪು. ವಿಶ್ವ ಹುಟ್ಟಿದ ಮೊದಲ ಕೆಲವೇ ನಿಮಿಷಗಳಲ್ಲಿ ಜಲಜನಕ, ಹೀಲಿಯಂ ಜೊತೆ ಚಿಟಿಕೆ ಲಿಥಿಯಂ ಕೂಡ ಮಾಡಿದೆಯಂತೆ. ನಮ್ಮ ಮಂಡ್ಯ ಜಿಲ್ಲೆಯ ಕಲ್ಲುಗಳಲ್ಲೂ ಅಡಗಿಸಿಟ್ಟೆ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅದು ಉನ್ಮಾದವನ್ನು ಇಳಿಸುವುದನ್ನು ಬರೆದಿಟ್ಟರು. ರೋಗಿಗಳಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದರಂತೆ. ಆ ಧೈರ್ಯ ಕೊಟ್ಟವನೇ, ಶರಣು.

ನನಗಿರುವ ಬೈಪೋಲಾರ್ ಕಾಯಿಲೆ ಎಂದರೆ ಜನ ಮನಸ್ಸು ಉನ್ಮಾದಕ್ಕೆ ಏರುವುದನ್ನಷ್ಟೇ ನೆನೆಯುತ್ತಾರೆ. ಖಿನ್ನತೆಗೆ ಇಳಿಯುವುದನ್ನು ನೀನು ಬಲ್ಲೆ. ಮುಸುರೆ ಪಾತ್ರೆಗಳ ಮುಂದೆ ನಿಂತು, ನಲ್ಲಿ ತಿರುಗಿಸಲಾಗದೆ, ಮತ್ತೆ ಬಂದು ಮಲಗಿದ್ದನ್ನು ನೀನೊಬ್ಬನೇ ಕಂಡೆ. ‘ಮನಸ್ಸು ಗಟ್ಟಿ ಮಾಡಿಕೋ’ ಎಂದವರ ಮೇಲೆ ನನಗೆ ಕೋಪ ಬಾರದಿರಲಿ. ಗಟ್ಟಿಯಾಗಬೇಕಾದ ಮನಸ್ಸಿಗೇ ಕಾಯಿಲೆ ಎಂದು ಅವರಿಗೂ ತಿಳಿಯಲಿ.

ನಮ್ಮ ಡಾಕ್ಟರನ್ನು ಚೆನ್ನಾಗಿಡು. ಖಿನ್ನತೆಗೆಂದು ಬರೀ ಅದರ ಮಾತ್ರೆ ಕೊಟ್ಟರೆ ಮನಸ್ಸು ಉನ್ಮಾದದ ಕಡೆ ಹಾರಬಹುದೆಂದು ಅವರಿಗೆ ಗೊತ್ತು. ಅದಕ್ಕೇ ಹಳೆಯದನ್ನೆಲ್ಲ ಕೇಳಿದರು. ನಿದ್ದೆಯೇ ಬೇಡವೆನಿಸಿದ ದಿನಗಳಿದ್ದವೇ? ಕೈಮೀರಿ ಖರ್ಚು ಮಾಡಿದ್ದುಂಟೇ? ಆ ಪ್ರಶ್ನೆಗಳೂ ನಿನ್ನ ಕೃಪೆಯೇ.

ಈ ಉಪ್ಪು ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ಕೊಡುತ್ತೇನೆ. ವರದಿಯ ಅಂಕಿ 0.6ರಿಂದ 1ರೊಳಗೆ ನಿಲ್ಲಲಿ. ಕಿಡ್ನಿ, ಥೈರಾಯ್ಡ್ ಎರಡನ್ನೂ ಕಾಪಾಡು. ಲೋಟ ಹಿಡಿದರೆ ಬೆರಳು ಸಣ್ಣಗೆ ನಡುಗುತ್ತದೆ, ಅಷ್ಟನ್ನು ಸಹಿಸುತ್ತೇನೆ. ನೀರು, ಉಪ್ಪು ಬಿಟ್ಟು ವ್ರತ ಹಿಡಿದರೆ ಈ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹೊತ್ತಿಗೆ ಸರಿಯಾಗಿ ಉಂಡ ಭಕ್ತಿಯನ್ನೂ ಒಪ್ಪಿಕೋ, ತಂದೆ.

ಕೂತು ನನ್ನ ಮಾತು ಕೇಳುವ ಮನಃಶಾಸ್ತ್ರಜ್ಞೆಗೂ ನಮಸ್ಕಾರ. ಅವರು ಉಪದೇಶ ಮಾಡುವುದಿಲ್ಲ. ಏಳುವ, ಉಣ್ಣುವ, ಮಲಗುವ ಹೊತ್ತನ್ನು ಬರೆದಿಡಲು ಹಾಳೆ ಕೊಟ್ಟಿದ್ದಾರೆ. ನಿದ್ದೆ ಏರುಪೇರಾದರೆ ಮನಸ್ಸೂ ಏರುಪೇರಾಗುತ್ತದೆ. ‘ನಾನು ಯಾರಿಗೂ ಬೇಡ’ ಎನಿಸಿದಾಗ, ಇದು ನಿಜವೇ, ಕಾಯಿಲೆ ಆಡಿಸಿದ ಮಾತೇ ಎಂದು ವಿಚಾರಿಸಲು ಕಲಿಸಿದ್ದಾರೆ. ಅಮ್ಮನನ್ನೂ ಕೂರಿಸಿಕೊಂಡು, ಯಾವ ಲಕ್ಷಣ ಕಂಡರೆ ತಡಮಾಡಬಾರದು ಎಂದು ತಿಳಿಸಿದ್ದಾರೆ. ಅಂದಿನಿಂದ ಅಮ್ಮ ಬೈಯುವುದಿಲ್ಲ. ‘ರಾತ್ರಿ ನಿದ್ದೆ ಬಂತಾ ಮಗಾ’ ಎನ್ನುತ್ತಾಳೆ. ಇಷ್ಟು ಕೊಟ್ಟೆಯಲ್ಲ!

ಸಾಯಬೇಕೆನಿಸಿದವರನ್ನು ಒಂದು ಗಳಿಗೆ ತಡೆ. 14416ಕ್ಕೆ ಫೋನ್ ಮಾಡುವಷ್ಟು ಬಲ ಅವರ ಕೈಗೆ ಕೊಡು. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಕೇಳುವವರಿದ್ದಾರೆ.

ನನಗೆ ಬೇಕಾದದ್ದು ಚಿಕ್ಕದು. ಮನಸ್ಸು ಹಗುರಾದ ದಿನ ‘ಇನ್ನು ಮಾತ್ರೆ ಯಾಕೆ’ ಎನ್ನುವ ಜಂಬ ಬಾರದಿರಲಿ. ಮಾತ್ರೆ ನುಂಗುವುದು ನಿನ್ನಲ್ಲಿ ನಂಬಿಕೆ ಸಾಲದ್ದಕ್ಕೆ ಎಂದು ಯಾರಾದರೂ ಅಂದರೆ, ನನ್ನ ಪರವಾಗಿ ನೀನೇ ಉತ್ತರ ಹೇಳು. ಪವಾಡ ಬೇಡ, ತಂದೆ. ದಿನವೂ ಅದೇ ಹೊತ್ತಿಗೆ ಎಬ್ಬಿಸು, ಅದೇ ಹೊತ್ತಿಗೆ ಮಲಗಿಸು.