ಬೆನ್ನ ಹಿಂದಿನ ದೀಪ

ಯಾವುದನ್ನು ನಾವು ಸ್ವತಃ ಕಾಣಲಾರೆವೋ ಅದಕ್ಕೂ ನಾವೇ ಹೊಣೆಗಾರರೆಂಬ ವಿಚಿತ್ರ ಸ್ಥಿತಿಯು ಮನುಷ್ಯನಿಗೆ ಎಷ್ಟೋ ಕಡೆ ಒದಗುವುದಾದರೂ, ಮೋಟಾರು ಕಾರಿನ ಬ್ರೇಕ್ ಲೈಟಿನಲ್ಲಿ ಅದು ಪ್ರಕಟವಾಗುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಪ್ರಕಟವಾಗದು. ಮುಂದಿನ ದೀಪ ಕೆಟ್ಟರೆ ಕಣ್ಣಿಗೂ, ಹಾರನ್ ಕೆಟ್ಟರೆ ಕಿವಿಗೂ, ಬ್ರೇಕೇ ಕೆಟ್ಟರೆ ಕಾಲಿಗೂ ತಿಳಿಯುವುದು. ಬ್ರೇಕ್ ಲೈಟು ಕೆಟ್ಟಾಗ ಮಾತ್ರ ಚಾಲಕನ ಅನುಭವದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು.

ನೆಲಮಂಗಲವನ್ನು ದಾಟಿ ತುಮಕೂರಿನತ್ತ ಹೋಗುವ ಹೆದ್ದಾರಿಯಲ್ಲಿ, ಸೋಂಪುರದ ಕೈಗಾರಿಕಾ ಪ್ರದೇಶದ ಲಾರಿಗಳು ಬಂದು ಕೂಡಿಕೊಳ್ಳುವ ದಾಬಸ್‌ಪೇಟೆಯ ಸುತ್ತಮುತ್ತ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಕ್ರಮಿಸುವುದು. ಮುಂದಿನವನು ನಿಲ್ಲುತ್ತಿರುವನೆಂಬ ಸುದ್ದಿಯು ಒಂದು ಸೆಕೆಂಡು ತಡವಾಗಿ ತಲುಪಿತೆಂದರೆ ಅಷ್ಟೂ ದೂರ ಕೈಬಿಟ್ಟಂತೆಯೇ.

ಇಲ್ಲದಿರುವುದನ್ನು ಅರಿಯುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹುಕಾಲ ಚರ್ಚಿಸಿದರು. ನೆಲದ ಮೇಲೆ ಗಡಿಗೆಯಿಲ್ಲವೆಂಬ ಅರಿವು ಪ್ರತ್ಯಕ್ಷವೇ ಎಂದು ನೈಯಾಯಿಕರು ಹೇಳಿದರೆ, ಕುಮಾರಿಲಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ಅದಕ್ಕೆ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಆದರೆ ಕಾಣದಿರುವುದೆಲ್ಲವೂ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು. ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದಂಥ ಸ್ಥಾನದಲ್ಲಿ ನಿಂತು ನೋಡಿಯೂ ಕಾಣದಿದ್ದರೆ ಮಾತ್ರ ಅದು ಯೋಗ್ಯಾನುಪಲಬ್ಧಿ. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಏನೂ ಸಿದ್ಧವಾಗದು. ಸ್ಟೀರಿಂಗ್ ಹಿಡಿದವನಿಗೆ ಆ ಯೋಗ್ಯತೆಯಿಲ್ಲ, ಹಿಂದೆ ಬರುವವನಿಗಿದೆ. ಆದಕಾರಣ ಚಾಲಕನಿಗೆ ಉಳಿಯುವುದು ಎರಡೇ ಮಾರ್ಗ: ರಾತ್ರಿ ಗೋಡೆಗೆ ಬೆನ್ನುಮಾಡಿ ಕಾರನ್ನು ನಿಲ್ಲಿಸಿ, ಪೆಡಲು ಒತ್ತಿದಾಗ ಕನ್ನಡಿಯಲ್ಲಿ ಗೋಡೆ ಕೆಂಪಾಗುವುದೇ ಎಂದು ನೋಡಿ ಊಹಿಸುವ ಅನುಮಾನ, ಇಲ್ಲವೇ ಹಿಂದೆ ನಿಂತವನ ಆಪ್ತವಾಕ್ಯ. ಸ್ವಾನುಭವವೊಂದೇ ಸಾಕೆಂದು ಬೀಗುವ ನಮ್ಮ ಕಾಲದ ಬುದ್ಧಿವಂತನು ಇಲ್ಲಿ ದಾರಿಹೋಕನೊಬ್ಬನ ಮಾತನ್ನು ಪ್ರಮಾಣವೆಂದು ಸ್ವೀಕರಿಸಲೇಬೇಕಾಗುವುದು. ಇದು ನನಗೆ ಬಹಳ ಪ್ರಿಯವಾದ ಸಂಗತಿ.

ದೋಷವನ್ನು ಹುಡುಕುವಲ್ಲಿಯೂ ಅನುಮಾನವೇ ಪ್ರಧಾನ. ಒಂದು ದೀಪ ಹತ್ತಿ ಇನ್ನೊಂದು ಹತ್ತದಿದ್ದರೆ ಬಲ್ಬಿನ ತಂತಿ ಕಡಿದಿರಬೇಕು, ಅಥವಾ ಹೋಲ್ಡರಿನಲ್ಲಿ ತುಕ್ಕು ಹಿಡಿದು ಅರ್ಥಿಂಗ್ ತಪ್ಪಿರಬೇಕು. ಎಲ್ಲ ದೀಪಗಳೂ ಒಮ್ಮೆಗೇ ಆರಿದ್ದರೆ ಬಲ್ಬುಗಳೆಲ್ಲವೂ ಒಂದೇ ಮುಹೂರ್ತದಲ್ಲಿ ಸತ್ತವೆಂದು ನಂಬುವುದಕ್ಕಿಂತ, ಅವುಗಳಿಗೆ ಸಮಾನವಾದ ಕಾರಣವನ್ನು, ಎಂದರೆ ಫ್ಯೂಸನ್ನೋ ಪೆಡಲಿನ ಮೇಲುಗಡೆಯ ಸ್ವಿಚ್ಚನ್ನೋ ಶಂಕಿಸುವುದು ನ್ಯಾಯ. ಹೆಬ್ಬೆರಳ ಗಾತ್ರದ ಆ ಸ್ವಿಚ್ಚಿನ ಮೊಳೆಯನ್ನು ಪೆಡಲಿನ ತೋಳು ಸದಾ ಒತ್ತಿಹಿಡಿದಿರುವುದು. ಕಾಲಿಟ್ಟೊಡನೆ ತೋಳು ಸರಿದು, ಮೊಳೆ ಹೊರಚಿಮ್ಮಿ, ವಿದ್ಯುತ್ತು ಹರಿಯುವುದು. ಕೆಲವು ಕಾರುಗಳಲ್ಲಿ ತೋಳಿಗೂ ಮೊಳೆಗೂ ನಡುವಣ ಚಿಕ್ಕ ಬಿಲ್ಲೆ ಪುಡಿಯಾಗಿ, ಕಾಲಿಡದಿದ್ದರೂ ದೀಪ ಉರಿಯುತ್ತಲೇ ಇರುವುದುಂಟು. ಸದಾ ಉರಿಯುವ ಆ ದೀಪವೂ ಆರಿದ ದೀಪದಂತೆಯೇ ಹಿಂದಿನವನಿಗೆ ಏನನ್ನೂ ತಿಳಿಸದು. ಹೊಸ ಫ್ಯೂಸು ಹಾಕಿದರೂ ಮತ್ತೆ ಸುಟ್ಟರೆ, ಡಿಕ್ಕಿಯ ಬಾಗಿಲ ತಿರುಗಣಿಯ ಬಳಿ ಹೊದಿಕೆ ಸವೆದ ತಂತಿಯನ್ನು ಹುಡುಕಬೇಕೇ ಹೊರತು, ಹೆಚ್ಚಿನ ಆಂಪಿಯರಿನ ಫ್ಯೂಸನ್ನು ತುರುಕುವುದು ಬೆಂಕಿಗೆ ಆಹ್ವಾನ.

ಅದೇ ದಾಬಸ್‌ಪೇಟೆಯ ಸಮೀಪದ ಶಿವಗಂಗೆ ಬೆಟ್ಟದಲ್ಲಿ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪವು ಬೆಣ್ಣೆಯಾಗುವುದನ್ನು ಕಣ್ಣಾರೆ ಕಂಡೆವೆಂದು ಭಕ್ತರು ಹೇಳುವರು. ಬೆಟ್ಟದ ಕೆಳಗಿನ ರಸ್ತೆಯಲ್ಲಿ ನಮ್ಮನ್ನು ಕಾಯುವುದು ನಾವು ಕಾಣಲಾರದ ದೀಪ. ಆಯುಧಪೂಜೆಯಂದು ಅದೇ ರಸ್ತೆಯ ಕಾರುಗಳ ಮುಂಭಾಗಕ್ಕೆ ಸೇವಂತಿಗೆಯ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಹಿಂಭಾಗಕ್ಕೆ ಸಲ್ಲುವುದು ಬಹುತೇಕ ದೀಪದ ಗಾಜಿನ ಮೇಲೆಯೇ ಬಳಿದ ಕುಂಕುಮ. ಈ ಪೂಜೆಯನ್ನು ನಾನು ಹಳಿಯುವವನಲ್ಲ. ಉಪಕರಣಕ್ಕೆ ಕೃತಜ್ಞನಾಗುವುದು ಸಂಸ್ಕಾರ. ಆದರೆ ಎದುರಿಗೆ ಕಾಣುವ ಮುಖವನ್ನಷ್ಟೇ ಅಲಂಕರಿಸಿ, ಪರರಿಗಾಗಿಯೇ ಇರುವ ಅಂಗವನ್ನು ಮರೆಯುವ ಪೂಜೆ ಅರ್ಧಪೂಜೆಯೆಂದೇ ನನ್ನ ಮತ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ: ಈ ಸಲ ಕುಂಬಳಕಾಯಿ ಒಡೆಯುವ ಮುನ್ನ ಮನೆಯ ಮಗುವನ್ನಾದರೂ ಕಾರಿನ ಹಿಂದೆ, ತುಸು ಪಕ್ಕಕ್ಕೆ ನಿಲ್ಲಿಸಿ, ಗೇರು ಹಾಕದೆ, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲು ಒತ್ತಿ ಕೇಳಿರಿ. ಒಂದು ದೀಪವೂ ಹತ್ತಲಿಲ್ಲವೆಂದು ಮಗು ಹೇಳಿದರೆ ಅದರೊಡನೆ ವಾದಿಸದೆ ಮೊದಲು ಫ್ಯೂಸನ್ನು ನೋಡಿರಿ.